ಸಾಕ್ಷಿಸಾಲಿನ ಗೂಟ

ಕರಿಮಡ್ಡಿ
ಮುಚ್ಚಿಕೆಯ ನೂರನಲವತ್ತೊಂದನೆಯ ವರ್ಷ, ಆಗಸ್ಟ್ ಹದಿನೈದು, ಶನಿವಾರ

ಕರಿಮಡ್ಡಿ ಮಹಿಳಾ ಸಂಘದ ಅವ್ವಂದಿರಿಗೆ,

ನೀವು ಈ ಸುಗ್ಗಿಯಲ್ಲಿ ಹೊಳೆಬಸವ್ವನಿಗೆ ಮನೆಗೊಂದು ಬುಟ್ಟಿ ತೆನೆ ಕೊಡುತ್ತೀರಿ. ಅದು ಅನ್ಯಾಯ. ಕ್ಷೇಮ ಸಮಾಚಾರ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ನನ್ನ ಹತ್ತಿರ ಹೆಚ್ಚು ಕಾಗದವೂ ಇಲ್ಲ, ತಾಳ್ಮೆಯೂ ಇಲ್ಲ.

ನಾನು ತುಂಗವ್ವ, ಹತ್ತೊಂಬತ್ತು ವರ್ಷದವಳು. ಹೊಳೆಬಸವ್ವನಿಂದ ಎಣಿಸಿದರೆ ಆರನೆಯ ತಲೆಮಾರು. ಮೇಲಿನ ದಿನಾಂಕ ನೋಡಿ ಗಾಬರಿಯಾಗಬೇಡಿ. ನಿಮ್ಮ ಊರಿನ ಗೋವಿನಜೋಳಕ್ಕೆ ಮೊದಲ ಸಲ ಹಾರ್ಮೋನು ಸಿಂಪಡಿಸಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ಆ ದಿನಕ್ಕೆ ಮುಚ್ಚಿಕೆ ಎನ್ನುತ್ತೇವೆ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಶಾಲೆಯಲ್ಲಿ ನಮ್ಮ ಮನೆಯವರಿಗೆ ಜಾಗವಿಲ್ಲ. ನಮ್ಮ ಬೆಳೆಸಾಲಿನ ಗುರುತಿನ ಗೂಟದ ಬುಡ ಅಗೆಯುವಾಗ ಸಿಕ್ಕ ತಗಡಿನ ಡಬ್ಬಿಯಲ್ಲಿ ಒಂದು ಕಂತೆ ಕರಪತ್ರಗಳಿದ್ದವು. ಕೂಲಿಯವರ ಕರಪತ್ರ, ನೀರಿನ ಹೋರಾಟದ ಕರಪತ್ರ, ಹೆಣ್ಣುಮಕ್ಕಳ ಹಕ್ಕಿನ ಕರಪತ್ರ. ಅಕ್ಷರ, ಸಿಟ್ಟು ಎರಡನ್ನೂ ನಾನು ಅವುಗಳಿಂದಲೇ ಕಲಿತೆ. ಈ ಕಾಗದವನ್ನು ಅದೇ ಡಬ್ಬಿಯಲ್ಲಿಟ್ಟು ಅದೇ ಜಾಗದಲ್ಲಿ ಹೂಳುತ್ತೇನೆ. ನಿಮಗೆ ಹೇಗೆ ತಲುಪುತ್ತದೆಯೋ ಗೊತ್ತಿಲ್ಲ. ತಲುಪಲೇಬೇಕು.

ಆ ಕಂತೆಯಲ್ಲಿ ನಿಮ್ಮದೂ ಒಂದು ಕರಪತ್ರವಿತ್ತು. ಬರದಲ್ಲಿ ಗೋವಿನಜೋಳಕ್ಕೆ ಸಸ್ಯ ಹಾರ್ಮೋನು ಬಳಸುವುದು ಹೇಗೆ ಎಂದು ತಿಳಿಸುವಂಥದ್ದು. ಅದರಲ್ಲಿ ಸುಳ್ಳಿಲ್ಲ, ಇದನ್ನು ಒಪ್ಪುತ್ತೇನೆ. ಎಲೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಬೇರಿಗೆ ನೀರು ಸಿಗದಿದ್ದಾಗ ಗಿಡ ತಾನೇ ಒಂದು ಹಾರ್ಮೋನು ಮಾಡಿಕೊಂಡು, ಬಾಯಿ ಮುಚ್ಚಿಕೋ ಎಂದು ಎಲೆಗೆ ಹೇಳುತ್ತದೆ. ಅದನ್ನೇ ನಾವು ಸ್ವಲ್ಪ ಮುಂಚೆ ಸಿಂಪಡಿಸಿದರೆ ಗಿಡ ಒಳಗಿನ ನೀರನ್ನು ಹಿಡಿದಿಟ್ಟುಕೊಂಡು ಹತ್ತು ದಿನ ಮಳೆಗೆ ಕಾಯುತ್ತದೆ. ಆದರೆ ಹೊತ್ತು ತಪ್ಪಬಾರದು. ತೀರಾ ಮೊದಲೇ ಹೊಡೆದರೆ ಗಿಡ ಬೆಳೆಯುವುದಿಲ್ಲ. ತೆನೆಯ ರೇಷ್ಮೆ ಹೊರಬಂದ ಮೇಲೆ ಹೊಡೆದರೆ ಕಾಳು ಕಟ್ಟುವುದಿಲ್ಲ. ಬಾಯಾರಿಕೆಗೆ ಮುಚ್ಚಿದ ಬಾಯಿ ಊಟಕ್ಕೂ ಮುಚ್ಚಿದ್ದೇ ಅಲ್ಲವೇ? ತೆನೆ ಹಲ್ಲುದುರಿದ ಮುದುಕನ ಬಾಯಿಯಂತಾಗುತ್ತದೆ.

ಕರಪತ್ರದ ಕೊನೆಯ ಸಾಲು ಇದು: ಹೋಲಿಕೆಗಾಗಿ ಒಂದು ಸಾಲಿಗೆ ಸಿಂಪಡಿಸದೆ ಬಿಡಿ. ಅದರ ಹಿಂಬದಿಯಲ್ಲಿ ನಿಮ್ಮಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದೀರಿ: "ಆಗಸ್ಟ್ ೧೭, ಸೋಮವಾರ, ಮುಂಜಾನೆ ಆರೂವರಿ. ಹೊಳೆಬಸವ್ವನ ಹೊಲದಾಗ ಗೂಟ ಬಡಿಯೂದು. ಪಾಪ, ಆಕಿ ಸಾಲು ಹಾಳಾಗತೈತಿ. ಸುಗ್ಗಿಗೆ ಎಲ್ಲಾರೂ ಒಂದೊಂದು ಬುಟ್ಟಿ ಕೊಡೋಣು." ಆ 'ಪಾಪ' ಬರೆದ ಕೈಯನ್ನು ಮುರಿಯಬೇಕು ಎಂದು ಮೊದಲ ಸಲ ಓದಿದಾಗ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ನೀವು ಒಳ್ಳೆಯವರು, ಗೊತ್ತು. ಮುಂದಿನ ವರ್ಷ ಸಿಂಪಡಿಸದ ಸಾಲಿನ ಪಾಳಿ ಇನ್ನೊಬ್ಬಳ ಹೊಲಕ್ಕೆ ಹೋಗಬೇಕಿತ್ತು. ಆಗ ಯಾರೋ ಅಂದಿರಬೇಕು: "ಆಕಿ ಬುಟ್ಟಿ ತಗೊಂಡಾಳಲ್ಲ, ಈ ವರ್ಸಾನೂ ಆಕೀದ ಇರ್ಲಿ ಬಿಡ್ರೆವ್ವ." ಅಷ್ಟೇ ಸಾಕಾಯಿತು. ಉಪಕಾರಕ್ಕೆ ಕೊಟ್ಟದ್ದು ಕೂಲಿಯಾಯಿತು, ಕೂಲಿ ಕರ್ತವ್ಯವಾಯಿತು, ಕೊನೆಗೆ ಹುಟ್ಟಿನಿಂದ ಬಂದದ್ದಾಯಿತು. ಬುಟ್ಟಿ ಬರುತ್ತದಲ್ಲ, ಹೊಲ ಯಾಕೆ ಎಂದು ನನ್ನ ಮುತ್ತಜ್ಜನ ಕಾಲಕ್ಕೆ ಹೊಲವನ್ನೂ ತೆಗೆದುಕೊಂಡರು. ಈಗ ನಮಗಿರುವುದು ಗೂಟದ ಪಕ್ಕದ ಒಂದೇ ಸಾಲು, ನಲವತ್ತು ಗಿಡ. ಅದಕ್ಕೆ ಸಾಕ್ಷಿಸಾಲು ಎಂದು ಹೆಸರು. ನಮ್ಮದು ಸಾಕ್ಷಿಮನೆ. ಊರವರು ಹಾಗೆ ಕರೆಯುವುದು ಸಭೆಯಲ್ಲಿ ಮಾತ್ರ. ಓಣಿಯಲ್ಲಿ ನಾವು ಬಾಡಿದವರು.

ನನ್ನ ಕಾಲದಲ್ಲಿ ಮಳೆ ಹೇಗಿದೆ ಎಂದು ನೀವು ಕೇಳಬಹುದು. ಬಂದಾಗ ಬರುತ್ತದೆ. ಒಬ್ಬರಿಗೆ ದಿನಕ್ಕೆ ಆರು ತಂಬಿಗೆ ನೀರು, ಸಾಕ್ಷಿಮನೆಯವರಿಗೆ ನಾಲ್ಕು. ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಯಾರೂ ಬಿಸಿಲಿಗೆ ಬರುವುದಿಲ್ಲ. ನೆಲ ಕೊರೆದು ಕಟ್ಟಿದ ನೆರಳುಮನೆಯಲ್ಲಿ ಇಡೀ ಊರು ಮಲಗುತ್ತದೆ, ನಾವು ಬಾಗಿಲಿನ ಹತ್ತಿರ, ಬಿಸಿಗಾಳಿ ಬಡಿಯುವ ಕಡೆ. ನಮ್ಮ ಹೆಣ್ಣುಮಕ್ಕಳು ಹಸಿರು ಬಳೆ ತೊಡುವಂತಿಲ್ಲ. ನಮ್ಮ ಅವ್ವ ಮದುವೆಯಲ್ಲಿ ತೊಟ್ಟದ್ದು ಹಳದಿ ಬಳೆ, ಒಣಗಿದ ಎಲೆಯ ಬಣ್ಣದ್ದು. ಊರಿನ ಮದುವೆಗೆ ಹೋದರೆ ನಮಗೆ ಊಟ ಬಡಿಸುತ್ತಾರೆ. ಆದರೆ ಎಲೆಯಲ್ಲಲ್ಲ, ಬುಟ್ಟಿಯಲ್ಲಿ.

ಊರಿಗೆ ನಮ್ಮ ಸಾಲು ಯಾಕೆ ಬೇಕು ಎಂಬುದನ್ನು ಹೇಳಬೇಕು. ನಮ್ಮ ಕಾಲದ ಬೀಜವನ್ನು ಹಾರ್ಮೋನಿನಲ್ಲೇ ನೆನೆಸಿ ಬಿತ್ತುತ್ತಾರೆ. ಆ ಗಿಡಕ್ಕೆ ಬಾಡಲು ಬರುವುದಿಲ್ಲ. ಸಾಯುವ ದಿನದವರೆಗೂ ನೆಟ್ಟಗೆ, ಹಸಿರಾಗಿ ನಿಂತಿರುತ್ತದೆ. ಮಣ್ಣು ಎಷ್ಟು ಒಣಗಿದೆ ಎಂದು ಅದನ್ನು ನೋಡಿ ತಿಳಿಯುವಂತಿಲ್ಲ. ಆದ್ದರಿಂದ ಹಳೆಯ ತಳಿಯ, ಹಾರ್ಮೋನು ಸೋಕದ ಬೀಜವನ್ನು ನಮ್ಮ ಸಾಲಿನಲ್ಲಿ ಬಿತ್ತಿ, ಅದು ಬಾಡುವುದನ್ನು ಊರು ಕಾಯುತ್ತದೆ. ಅದು ಬಾಡಿದ ದಿನವೇ ಮುನ್ನೂರು ಮನೆಯವರು ಮುಚ್ಚುನೀರು, ಅಂದರೆ ನಿಮ್ಮ ಹಾರ್ಮೋನು, ಹೊಡೆಯುತ್ತಾರೆ. ಸಾಲನ್ನು ನೋಡುವ ಕೆಲಸ ಚನ್ನವೀರಪ್ಪಜ್ಜನದು. ಆಗಸ್ಟ್ ಒಂದರಿಂದ ದಿನವೂ ಮುಂಜಾನೆ ಬಂದು ಎಲೆಯನ್ನು ಬೆರಳಲ್ಲಿ ಸುತ್ತಿ ನೋಡುತ್ತಾನೆ. ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ನನಗೆ ಬೆಲ್ಲ ಕೊಡುತ್ತಿದ್ದ, ಮೇಲಿನಿಂದ ಕೈಗೆ ಹಾಕುತ್ತಿದ್ದ.

ಮೊನ್ನೆ ಅವನು ಎಲೆ ಮುಟ್ಟಿ ನಕ್ಕ. "ಏನಬೇ ತುಂಗವ್ವ, ನಿಮ್ಮ ಸಾಲು ಈ ವರ್ಸ ಭಾಳ ಗಟ್ಟಿ ಐತಲ್ಲ! ನಿಮ್ಮ ಮಂದಿಗೆ ಬಾಡೂದೂ ಮರ್ತಹೋತೇನ?"

"ಕಲಿಸಿದವರು ನೀವ ಅಲ್ಲೇನಜ್ಜ, ಮತ್ತೊಮ್ಮೆ ಕಲಿಸ್ರಿ" ಎಂದೆ. ಅವನು ಇನ್ನೂ ಜೋರಾಗಿ ನಕ್ಕು, ಊರಿಗೆ ಹೋಗಿ, ನೆಲದಲ್ಲಿ ಇನ್ನೂ ಹಸಿ ಇದೆ, ಯಾರೂ ಹೊಡೆಯಬೇಡಿ ಎಂದು ಹೇಳಿದ.

ನೆಲದಲ್ಲಿ ಹಸಿ ಇಲ್ಲ, ಅವ್ವಂದಿರೇ. ಹನ್ನೊಂದು ದಿನದಿಂದ, ಊರು ನೆರಳುಮನೆಯಲ್ಲಿ ಮಲಗಿದ ಹೊತ್ತಿನಲ್ಲಿ, ನಾನು ಆ ನಲವತ್ತು ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ನನ್ನ ಪಾಲಿನ ಮೂರು ತಂಬಿಗೆ, ಅವ್ವನ ಪಾಲಿನ ಎರಡು. ಅವ್ವನನ್ನು ಕೇಳಿಲ್ಲ. ನೂರನಲವತ್ತೊಂದು ವರ್ಷ ನಿಜವನ್ನೇ ಹೇಳುತ್ತ ಸತ್ತ ಸಾಕ್ಷಿ ಈ ವರ್ಷ ಬದುಕಿಕೊಂಡು ಸುಳ್ಳು ಹೇಳುತ್ತಿದೆ. ಮುನ್ನೂರು ಹೊಲಗಳು ನೆಟ್ಟಗೆ ನಿಂತು ಒಳಗೊಳಗೇ ಒಣಗುತ್ತಿವೆ. ನೋಡಲು ಚೆಂದ ಇದೆ.

ಊರಿನ ತೆನೆ ಹೋದರೆ ನಮಗೆ ಬುಟ್ಟಿಯೂ ಇಲ್ಲ. ಅದು ತಿಳಿಯದೆ ಮಾಡಿದ್ದಲ್ಲ. ನಿನ್ನೆ ಅವ್ವ ಸಾಲಿನ ಬುಡದಲ್ಲಿ ಕೂತು ಮಣ್ಣು ಮುಟ್ಟಿದಳು. ಹಸಿ ಇತ್ತು. ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಆ ಬೆರಳನ್ನು ತನ್ನ ಒಡೆದ ತುಟಿಗೆ ಸವರಿಕೊಂಡಳು. ಆಮೇಲೆ, "ಇನ್ನೂ ಸೋಮವಾರದ ತನಕಾ ಹೊತ್ತೈತಿ. ರೇಷ್ಮಿ ಹೊರಬಂದಿಲ್ಲ. ಹೋಗಿ ಅಜ್ಜಗ ಹೇಳು, ತಂಗಿ. ಕೂಸುಗೋಳು ಅದಾವು ಊರಾಗ" ಎಂದಳು.

ನಮ್ಮ ಮನೆಯಲ್ಲೂ ಕೂಸುಗಳಿದ್ದವು ಎಂದೆ. ನನಗಿಂತ ಮೊದಲು ಹುಟ್ಟಿದ ಇಬ್ಬರು, ಇಬ್ಬರೂ ಬೇಸಿಗೆಯಲ್ಲಿ ಹೋದವರು.

ಅವಳು ಹೇಳಿದ್ದು ನಿಜ. ಈಗಲೇ ಎದ್ದು ಹೋಗಿ ಹೇಳಿದರೆ ಸಂಜೆಯೊಳಗೆ ಸಿಂಪಡಿಸುತ್ತಾರೆ, ಅರ್ಧ ಊರಾದರೂ ಉಳಿಯುತ್ತದೆ. ಚನ್ನವೀರಪ್ಪಜ್ಜನ ಮನೆ ಇಲ್ಲಿಂದ ಇನ್ನೂರು ಹೆಜ್ಜೆ. ನಾನು ಹೋಗಲಿಲ್ಲ. ಕೂತು ನಿಮಗೆ ಬರೆಯುತ್ತಿದ್ದೇನೆ. ಹೋದರೆ ನನ್ನನ್ನು ಹೊಡೆಯುತ್ತಾರೆ, ಆಮೇಲೆ ಕ್ಷಮಿಸುತ್ತಾರೆ, ಸುಗ್ಗಿಯಲ್ಲಿ ಬುಟ್ಟಿ ಕೊಡುತ್ತಾರೆ. ಆ ಬುಟ್ಟಿಯನ್ನು ನನ್ನಿಂದ ಹೊರಲಾಗದು.

ಸೋಮವಾರ ಮಘೆ ಮಳೆಯ ಮೊದಲ ದಿನ. ವರ್ಷಕ್ಕೊಮ್ಮೆ ಗೂಟವನ್ನು ಮತ್ತೆ ಬಡಿದು ಗಟ್ಟಿ ಮಾಡಲು ಅಂದು ಊರೆಲ್ಲ ಅದರ ಹತ್ತಿರ ಸೇರುತ್ತದೆ. ಅವ್ವನ ಮೊಣಕಾಲು ಹೋಗಿವೆ, ಈ ವರ್ಷದಿಂದ ಗೂಟ ಬಡಿಯುವ ಸುತ್ತಿಗೆ ನನ್ನ ಕೈಗೆ. ಅಷ್ಟರಲ್ಲಿ ರೇಷ್ಮೆ ಹೊರಬಂದಿರುತ್ತದೆ, ಹೊತ್ತು ಮೀರಿರುತ್ತದೆ. ನಾನು ಗೂಟವನ್ನು ಬಡಿಯುವುದಿಲ್ಲ. ಕೀಳುತ್ತೇನೆ. ಕಿತ್ತು, ನಾನು ಮಾಡಿದ್ದನ್ನು ಎಲ್ಲರ ಮುಖ ನೋಡಿ ಹೇಳುತ್ತೇನೆ. ಆಮೇಲೆ ಅವರು ನನಗೇನು ಮಾಡುತ್ತಾರೋ ಮಾಡಲಿ.

ಇದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ಹಾರ್ಮೋನು ಬಿಡಿ ಎನ್ನುತ್ತಿಲ್ಲ, ಹೊಡೆಯಿರಿ. ಸಿಂಪಡಿಸದ ಸಾಲು ಬಿಡಬೇಡಿ ಎಂದೂ ಅಲ್ಲ. ಪ್ರತಿಯೊಬ್ಬಳೂ ತನ್ನ ತನ್ನ ಹೊಲದಲ್ಲಿ ಒಂದು ಸಾಲು ಬಿಡಲಿ, ಪ್ರತಿಯೊಬ್ಬಳೂ ತನ್ನ ಸಾಲು ಬಾಡುವುದನ್ನು ತಾನೇ ನೋಡಲಿ. ಹೊಳೆಬಸವ್ವನಿಗೆ ಪಾಪ ಎನ್ನಬೇಡಿ.

ನಿಮ್ಮ ವರ್ಷದಲ್ಲೂ ನನ್ನ ವರ್ಷದಲ್ಲೂ ಆಗಸ್ಟ್ ಹದಿನೇಳು ಸೋಮವಾರವೇ ಬಂದಿದೆ, ಎಣಿಸಿ ನೋಡಿದ್ದೇನೆ. ಆ ದಿನ ಮುಂಜಾನೆ ಆರೂವರೆಗೆ ಗೂಟದ ಜಾಗಕ್ಕೆ ಬನ್ನಿ. ನಾನೂ ಅಲ್ಲಿರುತ್ತೇನೆ. ಬರಿಗೈಯಲ್ಲಿ ಬನ್ನಿ.