ಉಡಿಯಲ್ಲಿ ಬಂದ ಕಲ್ಲು

ಪಾರಿಶ್ವಾಡ
ರವಿವಾರ, ೯ ನವೆಂಬರ್ ೨೦೨೫

ಮೊಮ್ಮಗಳು ಪ್ರಮಿಳಾಗೆ ಮುತ್ಯಾ ಮಾಯಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಅರಾಮ. ನೀನು ಬೆಳಗಾವಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೆಂದು ನಂಬಿದ್ದೇನೆ, ಪೂರ್ತಿ ನಂಬಿಲ್ಲ. ದೀಪಾವಳಿಗೆ ಬಂದವಳು ಸಿಟ್ಟಿನಿಂದ ಹೋದೆ. ಅವತ್ತೇ ಬರೆಯಬೇಕಿತ್ತು, ತಡವಾಯಿತು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೆ ಒಂದು ಪುಟ ತುಂಬಿಸುವುದೆಂದರೆ ಒಂದು ಎಕರೆ ಹರಗಿದ ಹಾಗೆ. ಫೋನಿನಲ್ಲಿ ಹೇಳೋಣವೆಂದರೆ ನನಗೆ ಸಿಟ್ಟು ಬರುತ್ತದೆ, ನಿನಗೆ ಅಳು ಬರುತ್ತದೆ, ಮಾತು ಅಲ್ಲೇ ಉಳಿಯುತ್ತದೆ.

ಭತ್ತದ ಕೊಯ್ಲು ಮುಗಿಯಿತು. ಕರಿ ಆಡು ಮರಿ ಹಾಕಿದೆ. ಇದನ್ನು ಹೇಳಲು ಕುಂತಿಲ್ಲ.

ಗುರುವಾರ ನೀನು ಕಾಲೇಜಿನ ದೊಡ್ಡ ಮಾಸ್ತರರ ಮುಂದೆ ನಿಂತು ನಿನ್ನ ಕಲ್ಲು-ನೆಲದ ನಕಾಶೆ ತೋರಿಸುತ್ತೀ ಎಂದು ನಿನ್ನ ಅಪ್ಪ ಹೇಳಿದ. ಅದಕ್ಕೇ ಈ ಕಾಗದ ಬರೆಯಲು ಕುಂತೆ.

ನೀನು ಬದುವಿನ ಮೇಲೆ ಕುಂತು ಹೇಳಿದ್ದೆಲ್ಲ ನೆನಪಿದೆ. ಮೊದಲು ಎಲ್ಲೆಲ್ಲೂ ಸಮುದ್ರವಂತೆ. ಸಮುದ್ರದ ತಳದ ತುಂಡುಗಳು ಒಂದರ ಕೆಳಗೊಂದು ನುಸುಳಿ, ಬೆಂಕಿ ಉಗುಳುವ ಗುಡ್ಡಗಳು ಬಿಲ್ಲಿನ ಹಾಗೆ ಸಾಲಾಗಿ ಎದ್ದವಂತೆ. ಆ ನಡುಗಡ್ಡೆಗಳು ಕೋಟಿಗಟ್ಟಲೆ ವರ್ಷ ಸರಿದು ಸರಿದು, ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟಿಕೊಂಡವಂತೆ. ನಾವು ಉಳುವ ನೆಲ ಆದದ್ದೇ ಹಾಗಂತೆ.

"ಮುತ್ಯಾ, ಭೂಮಿ ಅಂದ್ರ ಕೌದಿ ಇದ್ದಂಗ. ತುಂಡು ಬ್ಯಾರೆ ಬ್ಯಾರೆ. ಹೊಲಿಗಿ ನಮ್ಮ ಹೊಲದಾಗ ಹಾದೈತಿ" ಎಂದೆ.

"ಯಾವ ದರ್ಜಿ ಹೊಲ್ದಾನವ್ವ?" ಎಂದು ನಾನು ನಕ್ಕೆ.

ನೀನು ನಗಲಿಲ್ಲ. ಬೇವಿನ ಬುಡದ ಕರಿಹಸಿರು ಕಲ್ಲು ತೋರಿಸಿ, "ಇದ ಸಾಕ್ಷಿ ನೋಡು. ಸುತ್ತ ಎಲ್ಲೂ ಇಂಥಾದ್ದಿಲ್ಲ. ಸಮುದ್ರದೊಳಗ ಹರದು ಬಂದ ಬೆಂಕಿ ಇದು" ಎಂದು ಸುತ್ತಿಗೆ ಎತ್ತಿ ಹೊಡೆದೆ. ಒಂದು ಚೂರು ಹಾರಿತು. ನಾನು ಬಾಯಿಗೆ ಬಂದಂತೆ ಬೈದೆ. "ನಿನಗ ಕಲ್ಲೆಲ್ಲಾ ದೇವ್ರು" ಎಂದು ನೀನು ಚೂರನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿ ಹೊರಟೆ.

ಪ್ರಮಿಳಾ, ಆ ಕಲ್ಲು ನಮ್ಮ ಹೊಲದ್ದಲ್ಲ.

ನಮ್ಮ ಮನೆತನಕ್ಕೆ ಸೊಸೆಯಾಗಿ ಬರುವವಳು ತವರಿನ ಕುರಿಹಟ್ಟಿಯಿಂದ ಒಂದು ಕಲ್ಲು ಉಡಿಯಲ್ಲಿ ತರಬೇಕು. ಅದನ್ನು ಹೊಲದಲ್ಲಿ ಆಳಕ್ಕೆ ಹೂತು, ಸುತ್ತ ಜಂಬಿಟ್ಟಿಗೆ ಬಿಗಿದು, ತಲೆಯಷ್ಟೇ ಮೇಲೆ ಬಿಡುತ್ತೇವೆ. ಅದಕ್ಕೇ ನಿನ್ನ ಕಣ್ಣಿಗೆ ಅದು ನೆಲದಿಂದ ಎದ್ದ ಬಂಡೆಯಾಗಿ ಕಂಡಿತು. ತಂದವಳೇ ಅಮಾವಾಸ್ಯೆಗೆ ಎಣ್ಣೆ ಹಚ್ಚಬೇಕು. ಅವಳು ತೀರಿಹೋದಮೇಲೆ ಬೇರೆ ಯಾರೂ ಮುಟ್ಟುವಂತಿಲ್ಲ. ಎಣ್ಣೆ ಆರುತ್ತದೆ, ಹುಲ್ಲು ಬೆಳೆಯುತ್ತದೆ. ಈ ಕಲ್ಲು ಬಂದದ್ದು ಲೋಂಡಾದ ಆಚೆಯ ಕಾಡಿನಿಂದ, ಟೆಂಪೋದಲ್ಲಿ. ದಾರಿಯುದ್ದಕ್ಕೂ ಅದನ್ನು ತಂದವಳು ಉಡಿಯಿಂದ ಕೆಳಗಿಡಲಿಲ್ಲ.

ಹುಡುಗಿಗೆ ತಿಳಿಸು ಎಂದು ನಿನ್ನ ಅಪ್ಪ ಸುಜಯನಿಗೆ ಹೇಳಿದೆ.

"ಅಪ್ಪಾ, ಸುಮ್ಮಕಿರು. ವರ್ಷಗಟ್ಲೆ ದುಡದಾಳ. ಗುರುವಾರ ಒಂದ್ ದಾಟ್ಲಿ."

"ಮುಂದ ಯಾರರೆ ಅಗದು ನೋಡಿದ್ರ?"

"ನಿನ್ನ ಹೊಲಾ ಯಾರು ಅಗೀತಾರ?"

"ಆಕೀನ ಅಗೀತಾಳ. ನನ್ನ ಮೊಮ್ಮಗಳು ಆಕಿ."

ಅವನು ಎದ್ದು ಹೋದ. ಅದಕ್ಕೇ ಈ ಕಾಗದ ಅವನ ಕೈಯಲ್ಲಿ ಕೊಟ್ಟಿಲ್ಲ. ಬಾಜೂ ಮನೆಯ ಕಾಂತಾ ನಾಳೆ ಬೆಳಗಾವಿಯ ಅರಿವೆ ಅಂಗಡಿಗೆ ಕೆಲಸಕ್ಕೆ ಬರುವಾಗ ತರುತ್ತಾಳೆ. ಪ್ರಮಿಳಾಳ ಕೈಯಲ್ಲೇ ಕೊಡು, ಹಾಸ್ಟೆಲಿನ ಬಾಗಿಲಲ್ಲಿ ಬಿಟ್ಟು ಬಂದರೆ ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದು ಅವಳಿಗೆ ಹೇಳಿದ್ದೇನೆ.

ಇದನ್ನು ಓದಿದರೆ ನಿನ್ನ ನಕಾಶೆ ಪೂರ್ತಿ ಕೆಡುತ್ತದೋ, ಗೆರೆ ಅಷ್ಟೇ ಸರಿಯುತ್ತದೋ ನನಗೆ ತಿಳಿಯದು. ಓದದೆ ಹೋಗಿ ನಿಂತರೆ ಏನಾಗುತ್ತದೋ ಅದೂ ತಿಳಿಯದು. ಕೌದಿಯ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಹೊಲಿಗೆ ಎಲ್ಲಿದೆಯೋ ಅಲ್ಲಿ ತೋರಿಸು, ಇಷ್ಟೇ. ಬೈಯುವುದಿದ್ದರೆ ಫೋನು ಮಾಡಿ ಬೈ, ಆದರೆ ಗುರುವಾರದ ಒಳಗೆ ಮಾಡು.

ತಾಯಿ ಮಾಯಕ್ಕ ನಿನ್ನ ಬೆನ್ನಿಗಿರಲಿ.

ನಿನ್ನ ಮುತ್ಯಾ
ಮಾಯಪ್ಪ

ತಾ.ಕ.: ಆ ಚೂರನ್ನು ಮಶೀನಿಗೆ ಹಾಕಿ, ಪುಡಿ ಮಾಡಿ ವಯಸ್ಸು ನೋಡುತ್ತೇವೆ ಎಂದಿದ್ದೆ. ಇನ್ನೂ ಹಾಕಿಲ್ಲದಿದ್ದರೆ ಹಾಕಬೇಡ. ಹಾಕಿದ್ದರೆ ಪುಡಿ ಚೆಲ್ಲದೆ ಬಟ್ಟೆಯಲ್ಲಿ ಕಟ್ಟಿ ತಾ. ಅದನ್ನು ಉಡಿಯಲ್ಲಿ ತಂದವಳು ನಿನ್ನ ಅವ್ವ ಸಾತವ್ವ. ನಿನಗೆ ಹಲ್ಲು ಬರುವ ಮೊದಲೇ ತೀರಿಹೋದಳು. ಅವಳ ಮುಖ ಹೇಗಿತ್ತೆಂದು ನೀನು ಕೇಳುತ್ತಿದ್ದೆ. ಇರುವ ಒಂದು ಫೋಟೋದಲ್ಲೂ ಸೆರಗು ಮುಖ ಮುಚ್ಚಿದೆ. ನೀನು ಹೊಡೆದ ಜಾಗದಲ್ಲಿ ಈಗ ಒಳಗಿನ ಹಸಿರು ಕಾಣುತ್ತದೆ. ನಿನ್ನೆ ಸಂಜೆ ನಿನ್ನ ಅಪ್ಪ ಅಲ್ಲಿ ಕುಂತು ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದ. ಮುಟ್ಟಬಾರದು ಎಂದು ನಾನು ಹೇಳಲಿಲ್ಲ.