ಮಣಿಕಟ್ಟಿನ ಚಾಡಿಕೋರ

ಅಕ್ಕಾ, ನಮಸ್ಕಾರ ಆಮೇಲೆ, ಮೊದಲು ನನ್ನ ಸಿಟ್ಟು ಕೇಳು.

ಇಲ್ಲಿ ನಾವು ಕಾರ್ಬನ್ ನ್ಯಾನೋಟ್ಯೂಬ್ ಎಂಬ, ಕಣ್ಣಿಗೇ ಕಾಣದ ನಳಿಗೆಗಳನ್ನು ರಬ್ಬರ್ ಪಟ್ಟಿಗೆ ಸವರಿ, ನಾಡಿ ಹಿಡಿಯುವ ಸೆನ್ಸರ್ ಮಾಡುತ್ತೇವೆ. ಪರೀಕ್ಷೆಗೆ ಸಿಕ್ಕಿದ್ದು ನನ್ನ ಮಣಿಕಟ್ಟೇ! ನಾಡಿಯ ಗೆರೆ ಗೋಡೆಯ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ನಿನ್ನೆ ನಮ್ಮ ಲ್ಯಾಬಿನ ಯಜಮಾನರು ಬಂದು, "ಅಕ್ಕನ ಹೆರಿಗೆಗೆ ಅಂತ ಕೇಳಿದ್ಯಲ್ಲಮ್ಮ, ಆ ರಜೆ ಕೊಡೋಕಾಗಲ್ಲ. ಬೇಜಾರಿಲ್ಲ ತಾನೇ?" ಎಂದರು.

"ಛೆ ಛೆ, ಏನೂ ಇಲ್ಲ ಸರ್," ಎಂದೆ. ಗೆರೆ ಹುಚ್ಚೆದ್ದು ಕುಣಿಯಿತು. ಎಲ್ಲರೂ ಗೊಳ್ಳೆಂದು ನಕ್ಕರು. ಆ ಮಹಾರಾಯರೋ, "ಭೇಷ್, ಪಟ್ಟಿ ಚೆನ್ನಾಗಿ ಕೆಲಸ ಮಾಡ್ತಿದೆ!" ಎಂದು ಹಿಗ್ಗಿ ಹೊರಟೇಹೋದರು.

ನೆಗಡಿ ಬಿಟ್ಟಿದೆ, ಊಟ ಸೇರುತ್ತಿದೆ. ಬರಲಾಗದ್ದಕ್ಕೆ ನನಗೇನೂ ಬೇಜಾರಿಲ್ಲವೆಂದು ಅಮ್ಮನಿಗೆ ಹೇಳು. ಪುಣ್ಯಕ್ಕೆ ಈ ಅಂಚೆ ಕಾರ್ಡಿಗೆ ಆ ಪಟ್ಟಿ ಅಂಟಿಸಿಲ್ಲ.

ನಿನ್ನ ತಂಗಿ