ನಿಮ್ಮ ಕೈಪಿಡಿಯ ಮಾದರಿ ರೋಗಿ ನನ್ನ ಅಕ್ಕ

ಮಾನಸಿಕ ಆರೋಗ್ಯ ತರಬೇತಿ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ವಿಭಾಗ ಅಚ್ಚು ಹಾಕಿಸಿರುವ ಹೊಸ ಕೈಪಿಡಿಯ ಹದಿನೇಳನೇ ಪುಟದಲ್ಲಿ 'ಚಿಕಿತ್ಸೆಗೆ ಅತ್ಯುತ್ತಮವಾಗಿ ಸ್ಪಂದಿಸಿದ ಮಾದರಿ ರೋಗಿ' ಎಂಬ ತಲೆಬರಹದ ಕೆಳಗೆ ಕೈಬರಹದ ಒಂದು ಹಾಳೆಯ ಚಿತ್ರವಿದೆ. ಹೆಸರಿನ ಮೇಲೆ ಕಪ್ಪು ಬಳಿದಿದ್ದೀರಿ, ಸಂತೋಷ. ಆದರೆ ಅಕ್ಷರಕ್ಕೆ ಬಳಿದಿಲ್ಲವಲ್ಲ. ಆ ಅಕ್ಷರ ನನ್ನ ಅಕ್ಕನದು. ನಿಮ್ಮ ಚಿಕಿತ್ಸೆಯಿಂದ ಅವಳ ಕಾಯಿಲೆ ಇಮ್ಮಡಿಯಾಗಿದೆ, ಮತ್ತು ನೀವು ಹೆಮ್ಮೆಯಿಂದ ತೋರಿಸುತ್ತಿರುವ ಆ ಹಾಳೆಯೇ ಈಗ ಅವಳ ಕಾಯಿಲೆ. ಕಾಯಿಲೆಯನ್ನೇ ಗುಣವಾದ ಲಕ್ಷಣವೆಂದು ಅಚ್ಚು ಹಾಕಿಸಿ ಬೆನ್ನು ತಟ್ಟಿಕೊಂಡ ನಿಮ್ಮ ಕಚೇರಿಯನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಬರೀ ಸಿಟ್ಟು ಬಂದಿದ್ದರೆ ಫೋನಿನಲ್ಲಿ ಕೂಗಾಡಿ ಸುಮ್ಮನಾಗುತ್ತಿದ್ದೆ.

ಅಕ್ಕ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಬರೆದ ಡಾಕ್ಟರಿಗೇ ಓದಲು ಬಾರದ ಚೀಟಿಯನ್ನು ಓದಿ ಸರಿಯಾದ ಮಾತ್ರೆ ಕೊಡುತ್ತಿದ್ದಳು. ಕಳೆದ ವರ್ಷ ಒಂದು ದಿನ, ನೋಡಲು ಒಂದೇ ಥರ ಇದ್ದ ಎರಡು ಡಬ್ಬಿಗಳು ಕಪಾಟಿನಲ್ಲಿ ಅದಲುಬದಲಾಗಿದ್ದವು. ಮಾತ್ರೆ ಗಿರಾಕಿಯ ಕೈಗೆ ಹೋಗುವ ಮೊದಲೇ ಅವಳು ಅದನ್ನು ಗಮನಿಸಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಒಂದು ಸಲ ನೋಡಿ ಕೊಡುತ್ತಿದ್ದ ಮಾತ್ರೆಯನ್ನು ನಾಲ್ಕು ಸಲ, ಹತ್ತು ಸಲ ನೋಡತೊಡಗಿದಳು. ಗಿರಾಕಿ ಮನೆ ಸೇರಿದ ಮೇಲೆ ಫೋನ್ ಮಾಡಿ, "ಸ್ವಲ್ಪ ಆ ಮಾತ್ರೆ ಪಟ್ಟಿ ಮೇಲೆ ಏನು ಬರ್ದಿದೆ ಓದಿ ಹೇಳ್ತೀರಾ?" ಎನ್ನುತ್ತಿದ್ದಳು. ಜನ ಮೊದಲು ನಕ್ಕರು, ಆಮೇಲೆ ದೂರು ಕೊಟ್ಟರು. ಅಂಗಡಿಯ ಯಜಮಾನರು ಒಳ್ಳೆಯವರು. "ಆರು ತಿಂಗಳು ರಜೆ ತಗೊಳ್ಳಿ ಅಮ್ಮಾ. ಅಲ್ಲೀವರೆಗೂ ನಿಮ್ಮ ಜಾಗಕ್ಕೆ ಯಾರನ್ನೂ ಹಾಕ್ಕೊಳಲ್ಲ" ಎಂದರು. ಆ ಆರು ತಿಂಗಳು ಈ ತಿಂಗಳ ಕೊನೆಗೆ ಮುಗಿಯುತ್ತದೆ.

ಈ ಗಡುವು ಹಿಡಿದುಕೊಂಡು ನಾವು ನಿಮ್ಮ ಕೇಂದ್ರದ ಮೆಟ್ಟಿಲು ಹತ್ತಿದೆವು. ಬಾಗಿಲಲ್ಲೇ ದೊಡ್ಡ ಫಲಕ: 'ಇಲ್ಲಿ ಪುರಾವೆ ಆಧಾರಿತ ಸಿಬಿಟಿ ಚಿಕಿತ್ಸೆ ಲಭ್ಯ.' ಯೋಚನೆಯನ್ನೂ ನಡವಳಿಕೆಯನ್ನೂ ಒಟ್ಟಿಗೆ ತಿದ್ದುವ ಮಾತಿನ ಚಿಕಿತ್ಸೆ ಇದು, ಪರೀಕ್ಷೆಗಳಲ್ಲಿ ಗೆದ್ದಿರುವಂಥದ್ದು ಎಂದು ಓದಿದ್ದೆ. ಧೈರ್ಯ ಬಂತು. ಒಳಗಿದ್ದ ಆಪ್ತಸಮಾಲೋಚಕಿಗೆ ಹೆಚ್ಚೆಂದರೆ ಇಪ್ಪತ್ತಾರು ವಯಸ್ಸು, ಮೃದು ಮಾತು. ಅಕ್ಕನಿಗೆ ಒಂದು ಹಾಳೆ ಕೊಟ್ಟರು. ಬಂದ ಯೋಚನೆ ಏನು, ಅದರ ಮೇಲೆ ನೂರಕ್ಕೆ ಎಷ್ಟು ನಂಬಿಕೆ, ಪರ ಏನು, ವಿರೋಧ ಏನು ಎಂದು ಕೊನೆಯ ಮನೆಯವರೆಗೂ ತುಂಬಬೇಕು. ಬೇಸರದಲ್ಲಿ ಮುಳುಗಿದವರಿಗೆ ಅದು ಒಳ್ಳೆಯ ಉಪಾಯವಂತೆ, ಇರಲಿ. ಆದರೆ ಪರೀಕ್ಷಿಸುವುದೇ ಗೀಳಾಗಿರುವ ಹೆಂಗಸಿಗೆ, ದಿನಾ ಪರೀಕ್ಷಿಸು ಎಂದು ಹಾಳೆ ಕೊಟ್ಟರೆ ಏನಾಗುತ್ತದೆ?

ಆದದ್ದು ಇಷ್ಟು. ಮೊದಲ ವಾರ ದಿನಕ್ಕೆ ಮೂರು ಹಾಳೆ, ಎರಡನೇ ವಾರ ಹನ್ನೊಂದು, ಎರಡನೇ ತಿಂಗಳಿಗೆ ನಲವತ್ತು. ಒಂದು ಅಕ್ಷರ ಓರೆಯಾದರೆ ಹರಿದು ಹೊಸದಾಗಿ ಬರೆಯುವುದು. ನಾನು ಊಟಕ್ಕೆ ಕೂತರೆ ಪೆನ್ನು ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದಳು. "ಲೋ, ನಂಬಿಕೆ ಅರವತ್ತು ಅಂತ ಬರೀಲೋ, ಅರವತ್ತೆರಡು ಅಂತ ಬರೀಲೋ? ಅರವತ್ತು ಅಂತ ಬರೆದ್ರೆ ಸುಳ್ಳು ಹೇಳ್ದಂಗೆ ಆಗಲ್ವಾ?" ಮಾತ್ರೆಯ ಪಟ್ಟಿ ಹೋಗಿ ಹಾಳೆ ಬಂದಿತ್ತು. ಇದೆಲ್ಲ ನಿಮ್ಮ ಕಚೇರಿಗೆ ಹೇಗೆ ಕಂಡಿತು ಗೊತ್ತೇ? ಪ್ರಗತಿ ವರದಿಯ ನಮೂನೆಯಲ್ಲಿ 'ತುಂಬಿದ ಹೋಂವರ್ಕ್ ಹಾಳೆಗಳ ಸಂಖ್ಯೆ' ಎಂಬ ಕಾಲಂ ಇದೆ. ಹಾಳೆ ಹೆಚ್ಚಿದಷ್ಟೂ ರೋಗಿ ಸುಧಾರಿಸಿದಂತೆ ಲೆಕ್ಕ. ಹಾಗಾಗಿ ನಿಮ್ಮ ಎಲ್ಲ ಕೇಂದ್ರಗಳ ಪೈಕಿ ನನ್ನ ಅಕ್ಕನೇ ಮೊದಲ ರ‍್ಯಾಂಕ್. ಪುರಾವೆ ಎಂದು ಫಲಕದಲ್ಲಿ ಬರೆಸಿದ್ದೀರಲ್ಲ, ಇದೇನಾ ಅದು?

ನಾನು ಆ ಸಮಾಲೋಚಕಿಯ ಮೇಲೆ ಹರಿಹಾಯಲೆಂದೇ ಒಂದು ದಿನ ಹೋದೆ. ಅಕ್ಕ ಎರಡು ಕೈಚೀಲದ ತುಂಬ ಹಾಳೆ ತಂದಿದ್ದಳು. ಅದನ್ನು ನೋಡಿ ಆಕೆಯ ಮುಖ ಸಪ್ಪಗಾಯಿತು. ನನ್ನನ್ನು ಹೊರಗೆ ಮೊಗಸಾಲೆಗೆ ಕರೆದರು. "ಸರ್, ನಂಗೆ ತರಬೇತಿ ಕೊಟ್ಟಿದ್ದೇ ಎರಡು ದಿನ. ಗೀಳು ಕಾಯಿಲೆ ಆರನೇ ಪಾಠ, ಎರಡನೇ ದಿನ ಮಧ್ಯಾಹ್ನ ಇತ್ತು. ಅಷ್ಟ್ರಲ್ಲಿ ನಿರ್ದೇಶಕರು ಬಂದ್ರು. ಭಾಷಣ, ಸರ್ಟಿಫಿಕೇಟು, ಗ್ರೂಪ್ ಫೋಟೊ. ಆ ಪಾಠ ಮನೇಲಿ ಓದ್ಕೊಳ್ಳಿ ಅಂದ್ರು."

"ಮತ್ತೆ ಆಮೇಲೆ ತಿದ್ದೋರು ಯಾರೂ ಇಲ್ವಾ?" ಎಂದೆ.

ಇದ್ದಾರೆ. ಕಾಗದದ ಮೇಲೆ. ತರಬೇತಿ ಮುಗಿದ ಮೇಲೆ ಆರು ತಿಂಗಳು ಪ್ರತಿ ವಾರದ ಒಂದು ಮಾತುಕತೆಯನ್ನು, ರೋಗಿಯ ಒಪ್ಪಿಗೆ ಪಡೆದು, ಧ್ವನಿಮುದ್ರಿಸಿ ಕಳಿಸಬೇಕು. ಅನುಭವಿ ಚಿಕಿತ್ಸಕರೊಬ್ಬರು ಅದನ್ನು ಕೇಳಿ, ಎಲ್ಲಿ ಎಡವಿದ್ದೀಯ ಎಂದು ತಿಳಿಸಬೇಕು. ಈ ಕೆಲಸ ಕೈ ಹತ್ತುವುದೇ ಹಾಗೆ. ಆಕೆ ತಪ್ಪದೆ ಹದಿನಾಲ್ಕು ವಾರ ಕಳಿಸಿದ್ದರು. ಮೂರು ಸಲ, 'ಈ ರೋಗಿಯ ವಿಷಯದಲ್ಲಿ ನಾನು ತಪ್ಪು ಮಾಡುತ್ತಿದ್ದೇನೆ ಅನಿಸುತ್ತಿದೆ, ದಯವಿಟ್ಟು ಹೇಳಿ' ಎಂದು ಟಿಪ್ಪಣಿಯನ್ನೂ ಸೇರಿಸಿದ್ದರು. ನಿಮ್ಮ ಕಚೇರಿಯ ಉತ್ತರವನ್ನು ಫೋನಿನಲ್ಲಿ ನನಗೆ ತೋರಿಸಿದರು. ಹದಿನಾಲ್ಕು ವಾರವೂ ಒಂದೇ ಸಾಲು: 'ಧ್ವನಿಮುದ್ರಣ ತಲುಪಿದೆ. ಸದ್ದು ಸ್ಪಷ್ಟವಾಗಿದೆ.'

ಸದ್ದು ಸ್ಪಷ್ಟವಾಗಿದೆ! ಅಕ್ಕ ಅಳುತ್ತಿರುವ ಸದ್ದೂ ಅದರಲ್ಲಿತ್ತು ಸ್ವಾಮಿ, ಅದೂ ಸ್ಪಷ್ಟವಾಗಿಯೇ ಇದ್ದಿರಬೇಕು. ನಾನು ಬೈಯಲು ಹೋದವನು ಆ ಹೆಣ್ಣುಮಗಳಿಗೆ ಒಂದು ಲೋಟ ನೀರು ತಂದುಕೊಟ್ಟು ವಾಪಸು ಬಂದೆ.

ನಾನು ಲಿಫ್ಟ್ ರಿಪೇರಿ ಮಾಡುವವನು. ಬ್ರೇಕಿಗೆ ಒಬ್ಬನೇ ಕೈ ಹಾಕಲು ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಮೇಸ್ತ್ರಿ ಪಕ್ಕದಲ್ಲೇ ನಿಂತಿರುತ್ತಿದ್ದರು. ನಟ್ಟು ಅರ್ಧ ಸುತ್ತು ಹೆಚ್ಚಾದರೂ, "ಏನಯ್ಯಾ, ಮೇಲಕ್ಕೆ ಕಳಿಸ್ತೀಯೋ, ಮೇಲಿನ ಲೋಕಕ್ಕೆ ಕಳಿಸ್ತೀಯೋ?" ಎಂದು ಕೈ ಸರಿಸುತ್ತಿದ್ದರು. ಆಗ ಮೈ ಉರಿಯುತ್ತಿತ್ತು, ಈಗ ಅವರಿಗೆ ಕೈ ಮುಗಿಯಬೇಕು ಅನಿಸುತ್ತದೆ. ಕಬ್ಬಿಣದ ಪೆಟ್ಟಿಗೆಗೆ ಎರಡು ವರ್ಷದ ಕಾವಲು, ಮನುಷ್ಯರ ತಲೆಗೆ ಎರಡು ದಿನ, ಅದರಲ್ಲೂ ಅರ್ಧ ದಿನ ನಿಮ್ಮ ಭಾಷಣ. ಆ ಗ್ರೂಪ್ ಫೋಟೊ ಮೊಗಸಾಲೆಯಲ್ಲೇ ತೂಗುಹಾಕಿದೆ, ನೋಡಿದೆ. ನಡುವೆ ಕೂತು ನಗುತ್ತಿರುವವರು ತಾವೇ ಇರಬೇಕು.

ಚಿಕಿತ್ಸಕರು ಕಡಿಮೆ, ಸಾಲು ಉದ್ದ, ಬೇಗ ತಯಾರು ಮಾಡಬೇಕಾಯಿತು ಎನ್ನುತ್ತೀರಿ. ಸಾಲು ಉದ್ದ ಎನ್ನುವುದನ್ನು ಸಾಲಿನಲ್ಲಿ ನಿಂತ ನನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಸಾಲು ಕರಗಿಸಲು ಕಾಟಾಚಾರಕ್ಕೆ ಜನರನ್ನು ಕೂರಿಸಿದರೆ, ಒಂದು ಕಾಯಿಲೆಯಿಟ್ಟುಕೊಂಡು ಬಂದವರು ಎರಡು ಕಾಯಿಲೆ ಹೊತ್ತು ಅದೇ ಸಾಲಿಗೆ ಮರಳುತ್ತಾರೆ. ಚಿಕಿತ್ಸೆಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಆರನೇ ಪಾಠವನ್ನು ಸಮಾಲೋಚಕಿಯ ಕೈಯಿಂದ ಪಡೆದು ನಾನೂ ಓದಿದೆ. ಅಕ್ಕನಂಥವರು ಒಂದೇ ಸಲ ನೋಡಿ ಮಾತ್ರೆ ಕೊಟ್ಟು, ಆಮೇಲೆ ಫೋನ್ ಮಾಡದೆ, ಭಯ ತಾನಾಗಿ ಇಳಿಯುವವರೆಗೆ ಸುಮ್ಮನೆ ಕೂರಲು ಕಲಿಯಬೇಕಂತೆ. ಮೊದಮೊದಲು ಯಾರಾದರೂ ಬಲ್ಲವರು ಜೊತೆಗೆ ಕೂರಬೇಕಂತೆ. ದಾರಿ ಇತ್ತು. ನಿಮ್ಮದೇ ಪುಸ್ತಕದಲ್ಲಿತ್ತು. ಅದನ್ನು ಓದುವ ಹೊತ್ತಿಗೆ ಫೋಟೊಗ್ರಾಫರ್ ಬಂದುಬಿಟ್ಟಿದ್ದ.

ಈಗ ನಿಮ್ಮ ಕೈಪಿಡಿ. ಇತರರ ತರಬೇತಿಗೆ ಬಳಸಿಕೊಂಡಿದ್ದೇವೆ, ಅಭಿನಂದನೆ ಎಂದು ಒಂದು ಪ್ರತಿಯನ್ನು ಅಕ್ಕನ ಹೆಸರಿಗೇ ಅಂಚೆಯಲ್ಲಿ ಕಳಿಸಿದಿರಿ. ಅವಳು ಅದನ್ನು ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. "ನನ್ನ ಹಾಳೆ ನೋಡ್ಕೊಂಡು ಡಾಕ್ಟ್ರುಗಳು ಕಲೀತಾರಂತೆ ಕಣೋ. ಅದ್ರಲ್ಲಿ ಏನಾದ್ರೂ ತಪ್ಪಿದ್ರೆ? ಎಷ್ಟು ಜನಕ್ಕೆ ತೊಂದ್ರೆ ಆಗುತ್ತೆ?" ನಾಲ್ಕು ಸಾವಿರ ಪ್ರತಿ ಎಂದು ಒಳಪುಟದಲ್ಲಿ ಅಚ್ಚಾಗಿದೆ. ನಾಲ್ಕು ಸಾವಿರವನ್ನೂ ತಾನೇ ಒಂದೊಂದಾಗಿ ನೋಡಬೇಕು, ನಿಮ್ಮ ಕಚೇರಿಗೆ ಕರೆದುಕೊಂಡು ಹೋಗು ಎಂದು ದಿನಾ ನನ್ನ ಪ್ರಾಣ ಹಿಂಡುತ್ತಿದ್ದಾಳೆ. ಅವಳ ಮುಂದೆ ನಾನು ಸಿಟ್ಟಾಗುತ್ತೇನೆ, ಬಚ್ಚಲಿಗೆ ಹೋಗಿ ಅಳುತ್ತೇನೆ.

ನಾನು ಕೇಳುವುದು ಹೆಚ್ಚೇನಿಲ್ಲ. ಆ ಪುಟವನ್ನು ಹಿಂದಕ್ಕೆ ಪಡೆಯಿರಿ. ಧ್ವನಿಮುದ್ರಣ ಕೇಳಲು ಕಿವಿ ಇರುವವರನ್ನು ನೇಮಿಸಿ. ಮಾತು ಕೇಳಿಸಿಕೊಳ್ಳುವವರನ್ನು, ಸದ್ದು ಅಳೆಯುವವರನ್ನಲ್ಲ. ಈ ಪತ್ರ ಓದಿದೊಡನೆ ಆ ಸಮಾಲೋಚಕಿಯನ್ನು ಬಲಿ ಕೊಟ್ಟು ಕೈ ತೊಳೆದುಕೊಳ್ಳುವ ಯೋಚನೆ ಬಂದೀತು, ಅದನ್ನು ಬಿಡಿ. ಆಕೆಗೆ ಕಲಿಸಿ. ಈ ತಿಂಗಳು ಮುಗಿಯುವುದರೊಳಗೆ ಕೆಲಸ ಬಲ್ಲ ಒಬ್ಬರನ್ನು ಆಕೆಯ ಪಕ್ಕದ ಕುರ್ಚಿಯಲ್ಲಿ, ನನ್ನ ಅಕ್ಕನ ಎದುರು ಕೂರಿಸಿ.

ಇನ್ನೊಂದು ಮಾತು. ಉತ್ತರವನ್ನು ಅಕ್ಕನ ಹೆಸರಿಗೆ ಕಳಿಸಬೇಡಿ. ನನ್ನ ಇಷ್ಟು ವರ್ಷದ ಅರ್ಜಿ, ರಜೆ ಚೀಟಿ, ಎಲ್ಲವನ್ನೂ ತಿದ್ದಿಕೊಡುತ್ತಿದ್ದವಳು ಅವಳೇ. ಒಂದು ಸಲ ಓದಿ, ಎರಡು ತಪ್ಪು ತೆಗೆದು, "ಹೋಗು, ಕೊಟ್ಟು ಬಾ" ಎಂದು ಕೈಗಿಡುತ್ತಿದ್ದಳು. ಈ ಪತ್ರವನ್ನು ಮಾತ್ರ ಅವಳಿಗೆ ತೋರಿಸಿಲ್ಲ. ತೋರಿಸಿದ್ದರೆ ಇದು ಎಂದಿಗೂ ನಿಮ್ಮ ಕೈ ಸೇರುತ್ತಿರಲಿಲ್ಲ.

ಇಂತಿ,
ತಪ್ಪುಗಳನ್ನು ತಿದ್ದಿಸಿಕೊಳ್ಳದೆಯೇ ಸಹಿ ಹಾಕಿರುವ,
ಅವಳ ತಮ್ಮ